ರೇಷ್ಮೆಹುಳದ ಗುಡಿ

ಸದಾಶಿವಪ್ಪ ಜಪಾನಿಗೆ ಹೊರಟದ್ದು 1954ರ ದಸರಾ ಕಳೆದ ಮೇಲೆ. ಕೊಳ್ಳೇಗಾಲ ಆಗಿನ್ನೂ ಮದರಾಸು ರಾಜ್ಯದಲ್ಲಿತ್ತು. ಆ ದೇಶದ ನೂಲು ಬಿಚ್ಚುವ ಯಂತ್ರಗಳನ್ನು ನೋಡಿಬರಲೆಂದು ರೇಷ್ಮೆ ಕಸುಬಿನವರ ತಂಡವೊಂದು ಹೊರಟಿತು. ಅದರಲ್ಲಿ ಸೇಲಂ, ಕಂಚಿ ಕಡೆಯ ತಮಿಳರೇ ಹೆಚ್ಚು. ಕನ್ನಡದವರು ಇಬ್ಬರೇ. ಒಬ್ಬರು ತಂಡದ ಮುಖಂಡ ಕೆಂಪನಂಜಪ್ಪ. ಕೊಳ್ಳೇಗಾಲದ ದೊಡ್ಡ ರೇಷ್ಮೆ ವರ್ತಕರು, ಬಿ.ಎ. ಮಾಡಿದವರು, ಇಂಗ್ಲಿಷನ್ನು ನೀರು ಕುಡಿದಷ್ಟು ಸಲೀಸಾಗಿ ಆಡುವವರು. ಇನ್ನೊಬ್ಬ ಸದಾಶಿವಪ್ಪ. ಅವನಿಗೆ ಕನ್ನಡ ಬಿಟ್ಟರೆ ಸಂತೆಯ ತಮಿಳು ಬರುತ್ತಿತ್ತು.

ಹೊರಡುವ ಮೊದಲು ಅವನು ಎಳಂದೂರಿಗೆ ಹೋಗಿ ತಾಯಿ ಗುರುಬಸಮ್ಮನಿಗೆ ಹೇಳಿಬಂದ. ಅವಳು ಮಗಳು ಪುಟ್ಟಮಲ್ಲಮ್ಮನ ಮನೆ ಸೇರಿ ಆಗಲೇ ಮೂರನೆಯ ವರ್ಷ. ಬಸ್ಸಿನಲ್ಲಿ ಕುಳಿತರೆ ಬೆವರು ಆರುವ ಮೊದಲೇ ಇಳಿಯಬಹುದಾದ ದಾರಿ, ಆದರೆ ಎಳಂದೂರು ಮೈಸೂರು ಸೀಮೆ. ರಾಜ್ಯ ಬಿಟ್ಟು ರಾಜ್ಯಕ್ಕೆ ಹೋಗಿ ಕುಳಿತಿದ್ದಾಳೆ ಎಂದು ಕೊಳ್ಳೇಗಾಲದ ನೆಂಟರು ಆಡಿಕೊಳ್ಳುತ್ತಿದ್ದರು.

ಅವಳು ಮನೆ ಬಿಟ್ಟದ್ದಕ್ಕೆ ಸೊಸೆ ಕಾರಣವಲ್ಲ. ಸುವರ್ಣಮ್ಮ ಅತ್ತೆಗೆ ಎದುರಾಡಿದವಳೇ ಅಲ್ಲ. ಕಾರಣ ಹಿತ್ತಿಲಿನ ಒಲೆ. ಸದಾಶಿವಪ್ಪನದು ಹಿಪ್ಪುನೇರಳೆ ಬೆಳೆದು ಹುಳ ಸಾಕುತ್ತಿದ್ದ ಮನೆತನ. ಸಾಕುವವರು ಬೇರೆ, ನೂಲು ಬಿಚ್ಚುವವರು ಬೇರೆ. ಹುಳ ಗೂಡು ಕಟ್ಟಿದ ಮೇಲೆ ಸಾಕಿದವರು ಗೂಡನ್ನು ಗಾಡಿಗೆ ಹೇರಿ ಮಾರಿಬಿಡುತ್ತಾರೆ. ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ. ಅದಕ್ಕೆ ಮೊದಲೇ ಕೊಂಡವರು ಹುಳವನ್ನು ಶಾಖಕ್ಕಿಟ್ಟು ಕೊಂದು, ಗೂಡನ್ನು ಕುದಿನೀರಿಗೆ ಹಾಕಿ ಎಳೆ ಹಿಡಿಯುತ್ತಾರೆ. ಅದು ನಡೆಯುವುದು ಬೇರೆಯವರ ಹಿತ್ತಿಲಿನಲ್ಲಿ. ಇರುವೆ ನೋಡಿ ಕಾಲಿಡುವ ಲಿಂಗವಂತರ ಮನೆಗಳಲ್ಲಿ ಹುಳ ಸಾಕುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ, ಬೇಯಿಸುವುದಕ್ಕೆ ಮಾತ್ರ ಯಾರೂ ಕೈಹಾಕಿರಲಿಲ್ಲ. ಸದಾಶಿವಪ್ಪ ಕೈಹಾಕಿದ. ಸ್ವಂತ ಗೂಡಿನ ಜೊತೆಗೆ ಹನೂರು ಕಡೆಯ ಗೂಡನ್ನೂ ಕೊಂಡು ಹಿತ್ತಿಲಿನಲ್ಲಿ ಒಲೆ ಹೂಡಿ, ನೂಲು ಬಿಚ್ಚುವ ಹೆಂಗಸರನ್ನು ಕೂರಿಸಿದ. ಮೊದಲ ದಿನ ಒಲೆಯಿಂದ ಆ ವಾಸನೆ ಎದ್ದಾಗ ಗುರುಬಸಮ್ಮ ಮೂಗಿಗೆ ಸೆರಗು ಹಿಡಿದಳು. ಮಾರನೆಯ ದಿನ ಸೀರೆ ಗಂಟು ಕಟ್ಟಿದಳು. ಆಮೇಲೆ ಮದುವೆ ಮುಂಜಿಯೆಂದು ಕೊಳ್ಳೇಗಾಲಕ್ಕೆ ಬಂದರೂ ಮಗನ ಮನೆಯ ಎಲೆಗೆ ಕೈಯಿಕ್ಕಲಿಲ್ಲ.

ಎಳಂದೂರಿನಲ್ಲಿ ಅವನು ಪ್ರಯಾಣದ ಸುದ್ದಿ ಹೇಳಿದಾಗ ಪುಟ್ಟಮಲ್ಲಮ್ಮನ ಮನೆಯವರೆಲ್ಲ ಹಡಗಿನ ಮಾತು ತೆಗೆದರು. ತಾಯಿ ಒಂದೇ ಮಾತು ಕೇಳಿದಳು.

"ಅದು ಬುದ್ಧನ ದೇಸವಂತಲ್ಲ. ಕೊಲ್ಬ್ಯಾಡಿ ಅಂದೋನಂತೆ ಅವ್ನು. ಅವ್ನ್ನೇ ಪೂಜೆ ಮಾಡ್ಕಂಡು ಅಷ್ಟೊಂದು ಉಳಾನ ಬೇಯಿಸ್ತಾರಲ್ಲ, ಅದಕ್ಕೆ ಏನ್ ಮಾಡ್ಕತಾರೆ, ಏನಂದ್ಕತಾರೆ, ಕೇಳ್ಕಂಡು ಬಾ. ಅದ ಕೇಳಿದ್ ಮೇಲೆ ನಿನ್ ಮನೇಗೆ ಬರಾದೊ ಬ್ಯಾಡ್ವೊ ನೋಡಾನ."

ಮೂರು ವರ್ಷದಲ್ಲಿ ಅವಳು ಬರುವ ಮಾತೆತ್ತಿದ್ದು ಅದೇ ಮೊದಲು. ಯಂತ್ರ ನೋಡುವುದು ತಂಡದ ಕೆಲಸ, ಇದನ್ನು ಕೇಳಿಬರುವುದು ತನ್ನ ಕೆಲಸ ಎಂದು ಸದಾಶಿವಪ್ಪ ಗಟ್ಟಿಮಾಡಿಕೊಂಡ.

ಕೊಲಂಬೋದಲ್ಲಿ ಹಡಗು ಹತ್ತಿ ಕೋಬೆಯಲ್ಲಿ ಇಳಿದರು. ಮೊದಲ ಕೆಲವು ದಿನ ಕಾರ್ಖಾನೆಗಳನ್ನು ತೋರಿಸಿದರು. ಒಬ್ಬೊಬ್ಬ ಹುಡುಗಿ ಇಪ್ಪತ್ತು ಎಳೆಗಳನ್ನು ಒಟ್ಟಿಗೆ ನೋಡಿಕೊಳ್ಳುವುದನ್ನು ಕಂಡು ಸದಾಶಿವಪ್ಪ ಬಾಯಿ ಬಿಟ್ಟುಕೊಂಡು ನಿಂತ. ಹುಳ ಬೆಂದ ವಾಸನೆ ಮಾತ್ರ ಅವನ ಹಿತ್ತಿಲಿನದೇ. ಅಲ್ಲಿ ಒಬ್ಬ ಮುದಿ ಮೇಸ್ತ್ರಿಯ ಎದುರು ತಾಯಿಯ ಪ್ರಶ್ನೆ ಇಟ್ಟ. ದಾರಿ ಸುತ್ತಿನದು: ಇವನು ಕನ್ನಡದಲ್ಲಿ ಕೆಂಪನಂಜಪ್ಪನವರಿಗೆ ಹೇಳಬೇಕು, ಅವರು ಅದನ್ನು ಇಂಗ್ಲಿಷಿನಲ್ಲಿ ಮೊರಿತಾ ಎಂಬ ದುಭಾಷಿಗೆ ಹೇಳಬೇಕು, ಆತ ಜಪಾನಿಯಲ್ಲಿ ಕೇಳಬೇಕು. ಕೆಂಪನಂಜಪ್ಪ ತಮಾಷೆಗೆಂಬಂತೆ ನಗುತ್ತಲೇ ಕೇಳಿದರು. ಮೇಸ್ತ್ರಿ ನಗಲಿಲ್ಲ. ಅದು ಅವನಿಗೆ ಗೊತ್ತಿರುವ ವಿಷಯವಲ್ಲವಂತೆ. ಆದರೆ ಕ್ಯೋಟೋ ಪಟ್ಟಣದ ಪಡುವಣಕ್ಕೆ ರೇಷ್ಮೆಹುಳದ ಗುಡಿ ಎಂದೇ ಒಂದಿದೆ, ನೇಕಾರರೆಲ್ಲ ಅಲ್ಲಿಗೆ ನಡೆದುಕೊಳ್ಳುತ್ತಾರೆ, ಅಲ್ಲಿ ಕೇಳಿ ಅಂದ.

ಸದಾಶಿವಪ್ಪನಿಗೆ ಅರ್ಧ ಕೆಲಸ ಆದಂತಾಯಿತು. ಕಾರ್ಖಾನೆಗಳು ಮುಗಿದ ಮೇಲೆ ತಂಡ ಹೋಗುವುದಿದ್ದದ್ದು ಕ್ಯೋಟೋಕ್ಕೇ.

ಆದರೆ ಕ್ಯೋಟೋದಲ್ಲಿ ಗುಡಿಗಳಿಗೆ ಬರವಿಲ್ಲ. ಕರೆಸಿಕೊಂಡ ವರ್ತಕರ ಸಂಘದವರು ದಿನಕ್ಕೆ ಇಂತಿಷ್ಟು ಎಂದು ನೋಡುವ ಜಾಗಗಳನ್ನು ಗೊತ್ತುಮಾಡಿದ್ದರು. ಅವುಗಳಲ್ಲಿ ಹುಳದ ಗುಡಿ ಇರಲಿಲ್ಲ. ಅದು ಸಣ್ಣದು, ಪರದೇಶದವರಿಗೆ ತೋರಿಸುವಂಥದ್ದೇನೂ ಅಲ್ಲಿಲ್ಲ ಎಂದು ಮೊರಿತಾ ಹೇಳಿದನಂತೆ. ಕೆಂಪನಂಜಪ್ಪನವರಿಗೂ ಅದು ಸರಿಯಾಗೇ ಕಂಡಿತು. ಅವರು ಹೊಸ ಕ್ಯಾಮೆರಾ ತಂದಿದ್ದರು. ಪ್ರತಿಯೊಂದು ಹೆಸರಾಂತ ಕಟ್ಟಡದ ಮುಂದೆ ತಂಡವನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಸುತ್ತಿದ್ದರು. ಊರಿಗೆ ಹೋಗಿ ಅದನ್ನೆಲ್ಲ ತೋರಿಸಿ ಭಾಷಣ ಮಾಡುವುದಿತ್ತು.

ಮೊದಲು ಹೋದದ್ದು ಚಿನ್ನದ ಮಂಟಪಕ್ಕೆ. ನಾಲ್ಕು ವರ್ಷದ ಕೆಳಗೆ ಒಬ್ಬ ಎಳೆಯ ಸನ್ಯಾಸಿಯೇ ಅದಕ್ಕೆ ಬೆಂಕಿಯಿಟ್ಟಿದ್ದನಂತೆ. ಈಗ ಮತ್ತೆ ಕಟ್ಟುತ್ತಿದ್ದರು. ಕೊಳದ ಆಚೆ ಸಾರುವೆ ಮರಗಳು ಕಂಡವೇ ಹೊರತು ಚಿನ್ನವೂ ಇಲ್ಲ, ಮಂಟಪವೂ ಇಲ್ಲ. ಸಾರುವೆಯ ಮುಂದೆಯೇ ಎಲ್ಲರನ್ನೂ ನಿಲ್ಲಿಸಿ ಚಿತ್ರ ತೆಗೆದರು. ಅಲ್ಲಿಂದ ಬೆಟ್ಟದ ಪಕ್ಕೆಯಲ್ಲಿ ಮರದ ಕಂಬಗಳ ಮೇಲೆ ಜಗಲಿ ಚಾಚಿದ ಗುಡಿಗೆ ಹೋದರು, ಸಾವಿರ ಬಂಗಾರದ ಮೂರ್ತಿಗಳು ಸಾಲಾಗಿ ನಿಂತ ಉದ್ದನೆಯ ಗುಡಿಗೆ ಹೋದರು. ಹೆಜ್ಜೆಯಿಟ್ಟರೆ ಹಕ್ಕಿಯಂತೆ ಚಿಲಿಗುಟ್ಟುವ ನೆಲವಿದ್ದ ಅರಮನೆಗೂ ಹೋದರು. ಕಳ್ಳ ಬಂದರೆ ಗೊತ್ತಾಗಲೆಂದು ಮಾಡಿದ ನೆಲ ಎಂದಾಗ ಸೇಲಂನವರು ಬೇಕೆಂದೇ ಎರಡೆರಡು ಸಲ ತುಳಿದು ನೋಡಿದರು. ಸದಾಶಿವಪ್ಪನಿಗೆ ಎಳಂದೂರಿನ ಬಳೆಮಂಟಪ ನೆನಪಾಯಿತು. ಅಲ್ಲಿ ಕಲ್ಲಿನ ಬಳೆ, ಇಲ್ಲಿ ಹಾಡುವ ಹಲಗೆ. ಕುಶಲದ ಕೆಲಸಕ್ಕೆ ಎಲ್ಲ ಕಡೆಯೂ ಅರಸರು ಇದ್ದರು. ಅವನ ಪ್ರಶ್ನೆಗೆ ಮಾತ್ರ ಯಾವ ಕಡೆಯೂ ಯಾರೂ ಸಿಗುತ್ತಿರಲಿಲ್ಲ.

ಸಿಗುತ್ತಿರಲಿಲ್ಲ ಅನ್ನುವುದಕ್ಕಿಂತ ಪ್ರಶ್ನೆ ಮುಟ್ಟುತ್ತಿರಲಿಲ್ಲ ಅನ್ನಬೇಕು. ಎಲ್ಲಿ ಬೋಳುತಲೆಯ ಸನ್ಯಾಸಿ ಕಂಡರೂ ಅವನು ಕೆಂಪನಂಜಪ್ಪನವರ ತೋಳು ಹಿಡಿದು, ಹುಳದ ವಿಷಯ ಕೇಳಿ ಅನ್ನುತ್ತಿದ್ದ. ಅವರು ಮೊರಿತಾನಿಗೆ ಏನೋ ಹೇಳುತ್ತಿದ್ದರು, ಮೊರಿತಾ ಸನ್ಯಾಸಿಗೆ ಏನೋ ಹೇಳುತ್ತಿದ್ದ, ಸನ್ಯಾಸಿ ತಲೆಬಾಗಿ ವಿವರವಾಗಿ ಏನೋ ಹೇಳುತ್ತಿದ್ದ. ತಿರುಗಿ ಬಂದ ಉತ್ತರ, ಈ ಗುಡಿ ಕಟ್ಟಿ ಏಳುನೂರು ವರ್ಷವಾಯಿತಂತೆ. ನಾರಾದಲ್ಲಿ ಕಂಚಿನ ಮಹಾಬುದ್ಧನ ಕೆಳಗೆ ನಿಂತು ಕೇಳಿದಾಗ, ಐವತ್ತು ಅಡಿಯ ಮೇಲಂತೆ ಎಂದು ಬಂತು. ಹುಳ ಬೇಯಿಸಿದ ಪಾಪಕ್ಕೂ ಐವತ್ತು ಅಡಿಗೂ ಏನು ಸಂಬಂಧ ಎಂದು ಸದಾಶಿವಪ್ಪ ಕೇಳಿದ. ಆಗ ಕೆಂಪನಂಜಪ್ಪನವರು ಅವನನ್ನು ಕಂಬದ ಮರೆಗೆ ಕರೆದುಕೊಂಡು ಹೋದರು.

"ನೋಡಪ್ಪ, ನಮ್ಮನ್ನ ಕರ್ಸಿರೋರು ಯಾರು? ರೇಷ್ಮೆ ವರ್ತಕ್ರು. ಉಣ್ಣಕ್ಕಿಕ್ತಾ ಇರೋರು ಯಾರು? ಅವ್ರೇ. ಪಕ್ಕದಲ್ಲೇ ನಿಂತವ್ರೆ. ಅವ್ರ ಮುಂದೆ ನಿಮ್ ಪಾಪ ಎಂಗ್ ಕಳ್ಕತೀರಿ ಅಂತ ನಾ ಯಾವ್ ಬಾಯಲ್ಲಿ ಕೇಳ್ಲಿ?"

ಹಾಗಾದರೆ ಇಷ್ಟು ದಿನ ಒಂದು ಗುಡಿಯಲ್ಲೂ ಕೇಳಲಿಲ್ಲವೇ ಎಂದ ಸದಾಶಿವಪ್ಪ. ಕೇಳಲಿಲ್ಲ ಎಂದು ಅವರು ಒಪ್ಪಿಕೊಂಡರು. ಅವರ ಮಾತಿನಲ್ಲೂ ನ್ಯಾಯವಿತ್ತು; ಅದೇ ಸದಾಶಿವಪ್ಪನಿಗೆ ಇನ್ನಷ್ಟು ಉರಿ ತಂದದ್ದು. ಬೈಯಲು ಸರಿಯಾದ ಜಾಗ ಸಿಕ್ಕಿದ್ದರೆ ಬೈದು ಹಗುರಾಗಬಹುದಿತ್ತು.

ಮಾರನೆಯ ದಿನ ನದಿ, ಸೇತುವೆ, ಕೆಂಪಾದ ಮರಗಳ ಬೆಟ್ಟ ನೋಡಲು ಟ್ರಾಮಿನಲ್ಲಿ ಪಡುವಣಕ್ಕೆ ಹೊರಟರು. ನಡುದಾರಿಯಲ್ಲಿ ಒಂದು ಸಣ್ಣ ನಿಲ್ದಾಣ ಬಂತು. ಮೊರಿತಾ ಕಿಟಕಿಯಿಂದ ಕೈ ತೋರಿಸಿ ನಗುತ್ತ ಏನೋ ಹೇಳಿದ. ಇದೇ ನಿನ್ನ ಹುಳದ ಗುಡಿ ನಿಲ್ದಾಣವಂತೆ ಎಂದು ಕೆಂಪನಂಜಪ್ಪ ಕನ್ನಡಕ್ಕೆ ತಂದರು. ನಿಲ್ದಾಣಕ್ಕೇ ಆ ಹೆಸರು. ಸದಾಶಿವಪ್ಪ ಎದ್ದು ಬಾಗಿಲಿಗೆ ಹೋದ. ಸಂಘದ ಅಧ್ಯಕ್ಷರು ಸೇತುವೆಯ ಹತ್ತಿರ ಕಾಯುತ್ತಿದ್ದಾರೆ, ಬರುವಾಗ ನೋಡೋಣ ಎಂದು ಕೆಂಪನಂಜಪ್ಪ ಪಂಚೆಯ ಚುಂಗು ಹಿಡಿದು ಕೂರಿಸಿದರು. ಟ್ರಾಮು ಹೊರಟಿತು. ಮನೆಗಳ ಸಂದಿಯಲ್ಲಿ ಒಂದು ಮರಗಳ ತೋಪು ಕಂಡು ಮರೆಯಾಯಿತು. ಬರುವಾಗ ಅಧ್ಯಕ್ಷರು ತಮ್ಮ ಕಾರುಗಳಲ್ಲೇ, ಬೇರೆ ದಾರಿಯಲ್ಲಿ ಕರೆತಂದರು.

ಉಳಿದದ್ದು ಒಂದೇ ದಿನ. ಆ ದಿನ ಓಸಾಕಾದ ಕೋಟೆ ನೋಡುವುದು, ಮಾರನೆಯ ದಿನ ಹಡಗು. ಕೋಟೆಯನ್ನು ಹೊಸದಾಗಿ ಸಿಮೆಂಟಿನಲ್ಲಿ ಕಟ್ಟಿದ್ದಾರೆಂದು ಕೇಳಿದಾಗಲೇ ಸದಾಶಿವಪ್ಪ ಮನಸ್ಸಿನಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತ. ದಿನವೂ ಕೂರುತ್ತಿದ್ದ, ಬೇಗ ಏಳುತ್ತಿದ್ದ. ಅಂದು ಏಳಲಿಲ್ಲ.

ಕೆಂಪನಂಜಪ್ಪ ಬಾಗಿಲು ಸರಿಸಿ ನೋಡಿ ಹೋದರು. ಮತ್ತೆ ಬಂದರು. ಕೆಮ್ಮಿದರು. ಕೆಳಗೆ ಕಾರುಗಳು ಸದ್ದು ಮಾಡುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಭುಜ ಹಿಡಿದು ಅಲುಗಾಡಿಸುತ್ತಿದ್ದರು. ಆದರೆ ಅವರೂ ಲಿಂಗ ಕಟ್ಟಿದವರೇ. ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ನೆಟ್ಟು ಕೂತವನನ್ನು ಮಾತಾಡಿಸುವುದುಂಟೇ? ಸೇಲಂನವರು ಬಂದು ಹಣಕಿ ನೋಡಿದಾಗ ಅವರೇ ತುಟಿಯ ಮೇಲೆ ಬೆರಳಿಟ್ಟು ಹೊರಗಟ್ಟಿದರು. ಕಡೆಗೆ ಉಳಿದವರು ಸಂಘದ ಒಬ್ಬನ ಜೊತೆ ಓಸಾಕಾಕ್ಕೆ ಹೋದರು. ಒಬ್ಬನನ್ನೇ ಬಿಟ್ಟುಹೋಗುವಂತಿಲ್ಲದೆ ಮುಖಂಡರು ಉಳಿದರು, ಅವರಿಗಾಗಿ ಮೊರಿತಾ ಉಳಿದ. ಕಾರಿನ ಸದ್ದು ಅಡಗಿದ ಮೇಲೆ ಸದಾಶಿವಪ್ಪ ಲಿಂಗವನ್ನು ಕರಡಿಗೆಗೆ ಸೇರಿಸಿದ.

"ದೇವ್ರನ್ನ ಅಡ್ಡ ಮಡೀಕಂಡು ಆಟ ಕಟ್ತೀಯಲ್ಲಯ್ಯ," ಎಂದರು ಕೆಂಪನಂಜಪ್ಪ.

"ಬ್ಯಾರೆ ಯಾರ್ ಮಾತು ನೀವು ಕೇಳ್ತಿದ್ರಿ, ಯೇಳಿ."

ಅವರು ಕೋಟು ತೊಟ್ಟುಕೊಂಡರು. ಟ್ರಾಮು ಇಳಿದು ನಡೆಯುವಾಗ, ನೀನು ಹೇಳಿದ ಹಾಗೇ ಕೇಳುತ್ತೇನೆ, ಒಂದು ಅಕ್ಷರ ಬಿಡುವುದಿಲ್ಲ, ಆಮೇಲೆ ಈ ವಿಷಯ ನನ್ನ ಕಿವಿಗೆ ಬೀಳಬಾರದು ಎಂದರು.

ಗುಡಿ ನಿಜಕ್ಕೂ ಸಣ್ಣದು. ದೊಡ್ಡ ಮರಗಳ ನಡುವೆ ಮಾಸಿದ ಮರದ ಕಟ್ಟಡ; ಒಂದು ಪಕ್ಕಕ್ಕೆ ಕೊಳ, ಕೊಳದಲ್ಲಿ ಮೂರೇ ಕಂಬದ ಕಲ್ಲಿನ ಕಮಾನು. ಯಾವ ಕಡೆಯಿಂದ ನೋಡಿದರೂ ಒಂದು ಕಾಲು ಹೆಚ್ಚಾಗಿಯೇ ಕಾಣುತ್ತಿತ್ತು. ಹುಳದ ದೇವರಿರುವುದು ದೊಡ್ಡ ಗುಡಿಯ ಮಗ್ಗುಲಿನ ಇನ್ನೂ ಸಣ್ಣ ಗುಡಿಯಲ್ಲಿ. ಬಿಳಿ ಬಟ್ಟೆ ತೊಟ್ಟ ಪೂಜಾರಿ ತರಗೆಲೆ ಗುಡಿಸುತ್ತಿದ್ದ. ಸದಾಶಿವಪ್ಪ ಚಪ್ಪಲಿ ಬಿಟ್ಟು, ತಣ್ಣನೆಯ ನೆಲದ ಮೇಲೆ ನಿಂತು, ತಾಯಿ ಹೇಳಿದ್ದನ್ನು ಹೇಳಿದ. ಕೆಂಪನಂಜಪ್ಪ ಮಾತು ಉಳಿಸಿಕೊಂಡರು. ಹಂತ ಹಂತವಾಗಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳಿದರು, ಮೊರಿತಾ ತಪ್ಪಿದನೆನಿಸಿದಾಗ ಮತ್ತೆ ಹೇಳಿಸಿದರು.

ಪೂಜಾರಿ ಪೊರಕೆ ಬದಿಗಿಟ್ಟು ಕೇಳಿದ. ಯೋಚನೆ ಮಾಡಿ ಉತ್ತರ ಕೊಟ್ಟ. ಈ ಸೀಮೆಗೆ ರೇಷ್ಮೆ ತಂದವರ ನೆನಪಿಗೆ, ಗೂಡು ಚೆನ್ನಾಗಿ ಆಗಲಿ, ನೇಯ್ಗೆ ಏಳಿಗೆಯಾಗಲಿ ಎಂದು ಇಲ್ಲಿ ಬೇಡಿಕೊಳ್ಳುತ್ತಾರೆ. ಸತ್ತ ಹುಳದ ಮಾತು ತನ್ನದಲ್ಲ. ಇದು ತಮ್ಮ ನಾಡದೇವತೆಗಳ ಗುಡಿ. ಹುಟ್ಟು, ಬೆಳೆ, ಏಳಿಗೆ ಇಲ್ಲಿಗೆ ಸೇರಿದ್ದು. ಸಾವಿನ ವಿಷಯವೆಲ್ಲ ಬುದ್ಧನ ಗುಡಿಯವರದು. ಅಲ್ಲಿನ ಸನ್ಯಾಸಿಗಳನ್ನು ಕೇಳಬೇಕು. ಊರಿನಲ್ಲಿ ಬೇಕಾದಷ್ಟು ಗುಡಿಗಳಿವೆ, ನೀವು ನೋಡಿರಬಹುದು.

ಕೆಂಪನಂಜಪ್ಪ ಕಡೆಯ ಮಾತನ್ನು ಕನ್ನಡಕ್ಕೆ ತರುವಾಗ ತಲೆ ತಗ್ಗಿಸಿದ್ದರು. ಸದಾಶಿವಪ್ಪ ಕೊಳದ ಕಡೆ ನೋಡುತ್ತ ನಿಂತ. ನೋಡಿದ್ದ. ಒಂದಲ್ಲ ಎರಡಲ್ಲ, ಊರಿನ ಹೆಸರಾಂತ ಬುದ್ಧನ ಗುಡಿಗಳನ್ನೆಲ್ಲ ನೋಡಿ, ಪ್ರತಿಯೊಂದರ ಮುಂದೆಯೂ ನಿಂತು ಚಿತ್ರ ತೆಗೆಸಿಕೊಂಡಿದ್ದ. ಈಗಲೇ ಹತ್ತಿರದ ಯಾವುದಕ್ಕಾದರೂ ಹೋಗೋಣವೆಂದು ಕೆಂಪನಂಜಪ್ಪನವರೇ ಅಂದರು. ಹೋದರು ಕೂಡ. ಅಲ್ಲಿ ಯಾರದೋ ತಿಥಿ ನಡೆಯುತ್ತಿತ್ತು, ಸನ್ಯಾಸಿಗಳು ಏಳುವ ಹಾಗಿರಲಿಲ್ಲ. ಹೊತ್ತು ಕಂತುವವರೆಗೆ ಅಂಗಳದಲ್ಲಿ ಚಳಿಗೆ ನಡುಗುತ್ತ ಕಾದರು. ಸಂಘದವರು ಬೀಳ್ಕೊಡುಗೆ ಊಟಕ್ಕೆ ಹುಡುಕಿಕೊಂಡು ಬಂದು ಕರೆದೊಯ್ದರು.

ಕೊಳ್ಳೇಗಾಲಕ್ಕೆ ಬಂದ ಮೇಲೆ ಕೆಂಪನಂಜಪ್ಪನವರ ಭಾಷಣ ಜೋರಾಗಿ ನಡೆಯಿತು. ಮಹಾಬುದ್ಧನ ಎತ್ತರ ಊರಿಗೆಲ್ಲ ಬಾಯಿಪಾಠವಾಯಿತು. ಸದಾಶಿವಪ್ಪ ಎಳಂದೂರಿಗೆ ಹೋಗುವುದನ್ನು ಇಂದು ನಾಳೆ ಎಂದು ತಳ್ಳಿದ. ಸುವರ್ಣಮ್ಮ ಒಂದು ದಾರಿ ತೋರಿಸಿದಳು: ಪೂಜಾರಿ ಏನೋ ಮಂತ್ರ ಹೇಳಿ ಪಾಪ ಕಳೆಯಿತು ಅಂದ ಎಂದು ಹೇಳಿಬಿಡಿ, ಅಲ್ಲಿಗೆ ಹೋಗಿ ವಿಚಾರಿಸುವವರು ಯಾರಿದ್ದಾರೆ? ಬಸ್ಸು ಮಾಂಬಳ್ಳಿ ದಾಟುವವರೆಗೆ ಅವನು ಹಾಗೇ ಹೇಳುವುದೆಂದು ಇದ್ದ. ತಾಯಿಯ ಮುಂದೆ ಕೂತಾಗ ನಡೆದದ್ದು ನಡೆದ ಹಾಗೆ ಬಾಯಿಗೆ ಬಂತು.

ಗುರುಬಸಮ್ಮ ಅಡ್ಡಮಾತಾಡದೆ ಕೇಳಿದಳು.

"ಅಂಗಾರೆ ಅಲ್ಲೂವೆ ಬೆಳ್ಸೋ ಗುಡಿಯೋರು ಬ್ಯಾರೆ, ಸಾಯೋ ಗುಡಿಯೋರು ಬ್ಯಾರೆ," ಅಂದಳು.

ಅವಳು ಅದನ್ನು ಸಮಾಧಾನವಾಗಿಯೇ ಅಂದಳು. ಆ ಸಮಾಧಾನಕ್ಕೇ ಸದಾಶಿವಪ್ಪನ ತಾಳ್ಮೆ ಹರಿಯಿತು. ಹಡಗು, ಚಳಿ, ಚಿಲಿಗುಟ್ಟುವ ನೆಲ, ಐವತ್ತು ಅಡಿ ಎಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಮೂರು ವರ್ಷ ನುಂಗಿಕೊಂಡಿದ್ದನ್ನು ಆಡಿಯೇಬಿಟ್ಟ.

"ಬ್ಯಾರೆ ಆದ್ರೆ ನಿಂಗೆ ಅಂಟಲ್ವಾ? ನನ್ಗಿಂತ ಮುಂಚಿಂದ ನೀನು ಗೂಡು ಮಾರ್ದೋಳಲ್ವವ್ವ. ಗಾಡೀಲಿ ಓದೋವು ಎಲ್ಲಿಗೋಯ್ತವೆ ಅನ್ಕಂಡಿದ್ದೆ?"

ಪುಟ್ಟಮಲ್ಲಮ್ಮ ಅಡಿಗೆಮನೆಯಿಂದ ಬಂದು ಅಣ್ಣನಿಗೆ ಸುಮ್ಮನಿರಲು ಸನ್ನೆ ಮಾಡಿದಳು. ಗುರುಬಸಮ್ಮ ಮಗಳನ್ನೇ ಕೈಯೆತ್ತಿ ತಡೆದಳು.

"ಗೊತ್ತಿರ್ನಿಲ್ವಾ ನಂಗೆ? ನಿನ್ ಪಾಪಕ್ಕೆ ಕೇಳ್ಕಂಡ್ ಬಾ ಅಂದೆ ಅನ್ಕಂಡ್ಯಾ? ನಂಗ್ ಬೇಕಾಗಿತ್ತು ಕಣ್ ಮಗ. ಮಠದ್ ಅಯ್ನೋರ್ನ ಕೇಳ್ದೆ, ಸಾಕೋರಿಗೆ ದೋಸ ಇಲ್ಲ ಅಂದ್ರು. ನಂಬ್ಕಂಡಿದ್ದೆ. ನಾ ನೋಡ್ದೆ ಇದ್ದುದ್ದ ನೀನು ತಂದು ಹಿತ್ಲಲ್ಲಿ ಮಡಗ್ದೆ."

ಸದಾಶಿವಪ್ಪ ಎದ್ದು ಹೊರಟಾಗ ಅವಳು ಬಾಗಿಲವರೆಗೆ ಬಂದಳು.

"ನಾಳೀಕೆ ಬತ್ತೀನಿ. ಉಣ್ಣಕ್ಕಲ್ಲ. ನೋಡಕ್ಕೆ."

ಮಾರನೆಯ ದಿನ ಬೆಳಗಿನ ಬಸ್ಸಿನಲ್ಲಿ ಮಗಳ ಜೊತೆ ಬಂದಳು. ಪಡಸಾಲೆಯಲ್ಲಿ ಚಾಪೆ ಹಾಸಿದ್ದ ಸುವರ್ಣಮ್ಮನನ್ನು ದಾಟಿ ನೇರ ಹಿತ್ತಿಲಿಗೆ ಹೋಗಿ, ಒಲೆಯ ಎದುರು ಮಣೆ ಹಾಕಿಸಿಕೊಂಡು ಕೂತಳು. ನೂಲು ಬಿಚ್ಚುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ನೀವು ದಿನಾ ಮಾಡೋ ಹಾಗೆ ಮಾಡ್ರವ್ವ ಎಂದಳು. ಅವರು ಗೂಡುಗಳನ್ನು ಕುದಿನೀರಿಗೆ ಸುರಿದು, ಕಡ್ಡಿಯಿಂದ ತಿರುವಿ, ಎಳೆಗಳನ್ನು ಹಿಡಿದು ರಾಟೆಗೆ ಕೊಟ್ಟರು. ಗೂಡುಗಳು ತೆಳ್ಳಗಾಗುತ್ತ ಬಂದವು. ಕಡೆಗೆ ಎಳೆ ಮುಗಿದು, ಕಂದು ಬಣ್ಣದ ಹುಳಗಳು ಒಂದೊಂದಾಗಿ ನೀರಿನಲ್ಲಿ ತೇಲಿದವು. ಗುರುಬಸಮ್ಮ ಒಂದನ್ನು ಸೌಟಿನಲ್ಲಿ ತೆಗೆಸಿ ಅಂಗೈಗೆ ಹಾಕಿಸಿಕೊಂಡಳು. ಆರುವವರೆಗೆ ಹಿಡಿದುಕೊಂಡಿದ್ದಳು. ಆಮೇಲೆ ಹಿಪ್ಪುನೇರಳೆ ಗಿಡದ ಬುಡದಲ್ಲಿ ಬೆರಳಿನಿಂದಲೇ ಮಣ್ಣು ಕೆದಕಿ ಮುಚ್ಚಿ, ಕೈ ತೊಳೆದಳು.

ಸುವರ್ಣಮ್ಮ ಚೊಂಬಿನಲ್ಲಿ ನೀರು ತಂದು ಮುಂದೆ ನಿಂತಳು. ಅತ್ತೆ ತೆಗೆದುಕೊಂಡು ಕುಡಿದಳು. ಊಟಕ್ಕೆ ಏಳಿ ಅನ್ನುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು ಎಂದು ಮಗಳನ್ನು ಕರೆದಳು.

ಸದಾಶಿವಪ್ಪ ಬಸ್ಸಿನವರೆಗೆ ಹೋದ. ಇರು ಅನ್ನಬೇಕೋ, ಮತ್ತೆ ಯಾವಾಗ ಬರುತ್ತೀ ಅನ್ನಬೇಕೋ ತಿಳಿಯದೆ, ಸೀಟಿನ ಧೂಳು ಒರೆಸಿಕೊಟ್ಟು ಕೆಳಗಿಳಿದ. ಡ್ರೈವರು ಹತ್ತಿದ ಮೇಲೆ ಗುರುಬಸಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅಷ್ಟೊಂದು ಬುದ್ಧನ್ ಗುಡಿ ಸುತ್ತುದ್ಯಲ್ಲ, ಒಬ್ರೂ ಯೇಳ್ನಿಲ್ವಾ?"

"ಕೇಳಿದ್ರಲ್ವವ್ವ ಯೇಳಾದು."

"ಕೇಳ್ಬೇಕಾಗಿತ್ತು," ಎಂದಳು. ಬಸ್ಸು ಎಳಂದೂರಿನ ರಸ್ತೆ ಹಿಡಿಯಿತು.